ದೊಡ್ಡ ಲೇತ್‌ಗೆ ಎಂಥ ಚಕ್ ಬೇಕು: ಐದು ವರ್ಷ ಬಳಸಿದ ಮೇಲೆ

ಮರ ಕಡೆಯುವ ನನ್ನ ಲೇತ್‌ನಲ್ಲಿ 20 ಇಂಚು ಅಗಲದ ತುಂಡು ತಿರುಗುತ್ತದೆ. ಮರವನ್ನು ಕಚ್ಚಿ ಹಿಡಿಯುವ ಚಕ್ ಮಾತ್ರ ಮೊದಲೆರಡು ವರ್ಷ ಹಳೆಯ ಸಣ್ಣ ಮೆಷಿನಿನದೇ, 100 ಎಂಎಂನದು. ಒಂದು ಸಂಜೆ ಹಸಿ ಹಲಸಿನ ತುಂಡು ಕಚ್ಚಿಸಿ ಬಟ್ಟಲು ಕಡೆಯುತ್ತಿದ್ದೆ. 400 ಎಂಎಂ ಅಗಲ, ಹದಿನೈದು ಕೆ.ಜಿ.ಗೆ ಕಮ್ಮಿಯಿಲ್ಲ. ಅಂಚಿಗೆ ಉಳಿ ತಾಗಿದ್ದೇ ತಡ, ತಳದಲ್ಲಿ ಚಕ್ ಹಿಡಿಯಲೆಂದು ಬಿಟ್ಟಿದ್ದ ಟೆನನ್ ಮುರಿದು, ತುಂಡು ಹಾರಿ ಶೆಡ್ಡಿನ ಬಾಗಿಲಿಗೆ ಬಡಿಯಿತು. ನಿಮಿಷಕ್ಕೆ 500 ಸುತ್ತು ನಿಧಾನ ಅನ್ನಿಸಬಹುದು, ಆದರೆ ಅಷ್ಟಗಲದ ಮರದ ಅಂಚು ಆಗ ಗಂಟೆಗೆ ಸುಮಾರು 38 ಕಿ.ಮೀ. ವೇಗದಲ್ಲಿರುತ್ತದೆ. ಪಕ್ಕಕ್ಕೆ ನಿಂತಿದ್ದರಿಂದ ಉಳಿದೆ.

ಮುರಿದ ಟೆನನ್ ಎತ್ತಿ ನೋಡಿದರೆ ಸುತ್ತಲೂ ಎಂಟು ಕಡೆ ಉಗುರು ಒತ್ತಿದಂಥ ಗುರುತು. ಜಾಸ್‌ಗಳನ್ನು, ಅಂದರೆ ಚಕ್ಕಿನ ದವಡೆಗಳನ್ನು, ಒಂದೇ ಉಂಗುರವಾಗಿ ಕಡೆದು ಆಮೇಲೆ ನಾಲ್ಕು ಹೋಳು ಮಾಡಿರುತ್ತಾರೆ. ಹೋಳುಗಳ ನಡುವೆ ಎರಡು ಮೂರು ಎಂಎಂ ಸಂದು ಇರುವಾಗ ಅವು ಮರವನ್ನು ದುಂಡಗೆ ತಬ್ಬುತ್ತವೆ. ಪೂರಾ ಬಿಚ್ಚಿದರೆ ಎಂಟು ಮೂಲೆಗಳಷ್ಟೇ ಕಚ್ಚುತ್ತವೆ. ನಾನು 50 ಎಂಎಂ ಜಾಸ್ ಅನ್ನು ಕೊನೇತನಕ ಬಿಚ್ಚಿದ್ದೆ.

ಹಾಗಾಗಿ ಅಂಗಡಿಯವರನ್ನು "ಎಷ್ಟು ಅಗಲ ಬಿಚ್ಚುತ್ತದೆ" ಅಂತ ಕೇಳುವ ಮೊದಲು "ಯಾವ ಯಾವ ಅಳತೆಯ ಜಾಸ್ ಸಿಗುತ್ತವೆ" ಅಂತ ಕೇಳಿ. ನಾನು ತರಿಸಿದ್ದು ಆಸ್ಟ್ರೇಲಿಯಾದ ವಿಕ್‌ಮಾರ್ಕ್ ವಿಎಂ120, ಮೈ 120 ಎಂಎಂ. ಜೊತೆಗೆ 100 ಎಂಎಂ ಆಸುಪಾಸಿನ ಟೆನನ್‌ಗೆ ಸರಿಹೊಂದುವ ದೊಡ್ಡ ಜಾಸ್. ಅಂದಿನಿಂದ ಇವತ್ತಿನವರೆಗೆ ಒಂದು ತುಂಡೂ ಜಾರಿಲ್ಲ.

ಚಕ್ ಕೂರುವ ಸ್ಪಿಂಡಲ್‌ನ (ಲೇತ್‌ನ ತಿರುಗುವ ದಂಡದ) ಥ್ರೆಡ್ಡನ್ನು ಅಳೆದೇ ಆರ್ಡರ್ ಮಾಡಿ. ನನ್ನದು ಎಂ33×3.5, ಅಂದರೆ 33 ಎಂಎಂ ದಪ್ಪ, ಎಳೆಯಿಂದ ಎಳೆಗೆ 3.5 ಎಂಎಂ. ಅಮೆರಿಕದ ದೊಡ್ಡ ಲೇತ್‌ಗಳಲ್ಲಿ ಸಾಮಾನ್ಯವಾಗಿ ಒಂದೂಕಾಲು ಇಂಚು, ಇಂಚಿಗೆ 8 ಎಳೆ. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ, ಒಂದಕ್ಕೊಂದು ಕೂರುವುದಿಲ್ಲ. ಇನ್ಸರ್ಟ್ (ಥ್ರೆಡ್ ಇರುವ, ಬಿಚ್ಚಿ ಬದಲಿಸಬಹುದಾದ ಭಾಗ) ಇರುವ ಚಕ್ ಆದರೆ ಮುಂದೆ ಲೇತ್ ಬದಲಾದರೂ ಇನ್ಸರ್ಟ್ ಒಂದನ್ನೇ ಬದಲಿಸಿದರೆ ಸಾಕು.

ಒಳ್ಳೆಯ ಚಕ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಟೆನನ್‌ನ ತುದಿ ಚಕ್ಕಿನ ತಳಕ್ಕೆ ತಾಗಬಾರದು, ಅದರ ಬುಡದ ಸುತ್ತಲಿನ ಭುಜ ಜಾಸ್‌ನ ಮುಖಕ್ಕೆ ಒತ್ತಿ ಕೂರಬೇಕು. ಹಸಿ ಮರ ಹಿಡಿತದಲ್ಲಿ ನಲುಗುತ್ತದೆ. ಹತ್ತು ನಿಮಿಷ ಕಡೆದ ಮೇಲೆ ಚಕ್ ಬಿಗಿಯುವ ಕೀ ಹಾಕಿ ನೋಡಿ, ಕಾಲು ಸುತ್ತು ಖಂಡಿತ ತಿರುಗುತ್ತದೆ. ಮೆಷಿನನ್ನು ಉಲ್ಟಾ ತಿರುಗಿಸಿ ಸ್ಯಾಂಡಿಂಗ್ ಮಾಡುವವರು ಚಕ್ಕನ್ನು ಸ್ಪಿಂಡಲ್‌ಗೆ ಕಚ್ಚಿಸುವ ಚಿಕ್ಕ ಗ್ರಬ್ ಸ್ಕ್ರೂ ಬಿಗಿಯದೆ ಶುರು ಮಾಡಲೇಬೇಡಿ, ಚಕ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಸಿ ಮರದ ಹೊಟ್ಟು ಒಳಗಿನ ಸ್ಕ್ರೋಲ್‌ನಲ್ಲಿ (ಜಾಸ್‌ಗಳನ್ನು ಸರಿಸುವ ಸುರುಳಿ ತಟ್ಟೆಯಲ್ಲಿ) ಕೂತು ಗಟ್ಟಿಯಾದರೆ ಯಾವ ಚಕ್ಕಾದರೂ ಬಿಗಿ. ವರ್ಷಕ್ಕೆರಡು ಸಲ ಜಾಸ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಟೂತ್‌ಬ್ರಷ್‌ನಿಂದ ಉಜ್ಜುತ್ತೇನೆ. ಜಾಸ್‌ಗಳ ಮೇಲೆ 1, 2, 3, 4 ನಂಬರ್ ಇದೆ, ಅದೇ ಕ್ರಮದಲ್ಲಿ ಕೂರಿಸಬೇಕು. ಎಣ್ಣೆ ಸುರಿಯಬೇಡಿ, ಹೊಟ್ಟು ಸೇರಿ ಮೆತ್ತಿಕೊಳ್ಳುತ್ತದೆ.

12 ಇಂಚಿನ ಲೇತ್ ಇರುವವರಿಗೆ ಇಷ್ಟು ಭಾರದ ಚಕ್ ಬೇಡ, ಬೇರಿಂಗಿಗೆ ಸುಮ್ಮನೆ ಹೊರೆ. ನಾನೂ ಹಳೆಯ 100 ಎಂಎಂ ಚಕ್ ಮಾರಿಲ್ಲ. ಕುಂಕುಮದ ಭರಣಿ ಕಡೆಯುವಾಗ ಅದನ್ನೇ ಹಾಕುತ್ತೇನೆ, ಬೆರಳಿಗೆ ಜಾಗ ಸಿಗುತ್ತದೆ.