ಕಾಫಿಗೆ ಐದು ಸ್ಟಾರ್, ಕೌಂಟರ್ ಪಕ್ಕದ ಜಾಡಿಗೆ ಸೊನ್ನೆ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ದಾರಿಯ ಒಂದು ಕಾಫಿ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಾನು ಹೇಳುವ ದೂರು ಅವರೊಬ್ಬರದ್ದಲ್ಲ.

ಮೊದಲು ಕಾಫಿ. ಪೀಬೆರಿಯನ್ನು (ಹಣ್ಣಿನೊಳಗೆ ಒಂದೇ ದುಂಡು ಬೀಜ ಇರುವ ಕಾಫಿ) ನಮ್ಮೆದುರೇ ಪುಡಿ ಮಾಡಿಕೊಡುತ್ತಾರೆ. ಚಿಕೋರಿ ಬೇಡ ಅಂದರೆ ಹಾಕುವುದಿಲ್ಲ. ಡಿಕಾಕ್ಷನ್ ಗಟ್ಟಿ, ಹಾಲಿಗೆ ನೀರು ಬೆರೆಸಿಲ್ಲ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಬಿಸಿಬಿಸಿಯಾಗಿ ಬಂತು. ಮನೆಗೆ ತಂದ ಪುಡಿಯೂ ಚೆನ್ನಾಗಿದೆ.

ಬೇಸರವಾಗಿದ್ದು ಬಿಲ್ ಕೌಂಟರ್ ಪಕ್ಕದ ಗಾಜಿನ ಜಾಡಿ ನೋಡಿ. ಸಿವೆಟ್ ಕಾಫಿ. ಪುನುಗು ಬೆಕ್ಕು ಕಾಫಿ ಹಣ್ಣು ತಿಂದು, ಹಿಕ್ಕೆಯಲ್ಲಿ ಬಿಡುವ ಬೀಜವನ್ನು ತೊಳೆದು, ಒಣಗಿಸಿ, ಹುರಿದ ಪುಡಿ. ಇದಕ್ಕಾಗಿ ಬೆಕ್ಕನ್ನು ಬೋನಿನಲ್ಲಿ ಕೂಡಿಹಾಕಿ ಹಣ್ಣು ತಿನ್ನಿಸುವುದೂ ಉಂಟು.

"ಎಲ್ಲಿಂದ ಬರುತ್ತೆ ತಮ್ಮಾ?" ಅಂದೆ.

"ತೋಟದಲ್ಲಿ ಆರಿಸಿದ್ದು ಅಕ್ಕಾ. ಬೋನಿನದ್ದಲ್ಲ."

"ಯಾವ ತೋಟ?" ಹುಡುಗನಿಗೆ ಗೊತ್ತಿಲ್ಲ. ಹತ್ತು ಕೆಜಿ ಬೇಕಂದ್ರೆ? "ಎಷ್ಟು ಬೇಕಾದ್ರೂ ತರಿಸ್ಕೊಡ್ತೀವಿ."

ಈ ಮಾತು ನಂಬುವುದು ಕಷ್ಟ. ಆಲ್ದೂರು ಕಡೆ ನಮ್ಮದೂ ಸಣ್ಣ ತೋಟವಿದೆ. ಕುಯ್ಲಿನ ಹೊತ್ತಿಗೆ ಬಂಡೆಗಳ ಮೇಲೆ, ಬಿದ್ದ ಮರದ ಮೇಲೆ ಈ ಹಿಕ್ಕೆ ಕಾಣುತ್ತದೆ. ತೋಟವಿಡೀ ಸುತ್ತಿ ಆರಿಸಿದರೂ ಒಂದೆರಡು ಹಿಡಿ ಬೀಜ ಸಿಕ್ಕರೆ ಜಾಸ್ತಿ. ಕೇಳಿದಷ್ಟು ಕೆಜಿ ಎಲ್ಲಿಂದ ಬರಬೇಕು? ಇವರು ಬೋನು ಇಟ್ಟಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಬೋನಿನದ್ದಲ್ಲ ಅನ್ನುವುದಕ್ಕೆ ಅವರ ಹತ್ತಿರ ಒಂದು ಚೀಟಿಯೂ ಇಲ್ಲ. ಕುಡಿದು ನೋಡಿದರೂ ಗೊತ್ತಾಗುವುದಿಲ್ಲ.

ಬೋನು ಅಂದರೆ ಏನು ಅಂತ ಇಂಡೋನೇಷ್ಯಾದಲ್ಲಿ ಜಗತ್ತು ನೋಡಿದೆ. ಬಾಲಿಯ 16 ತೋಟಗಳಲ್ಲಿ ಕೂಡಿಹಾಕಿದ್ದ ಬೆಕ್ಕುಗಳ ಬಗ್ಗೆ 2016ರಲ್ಲಿ ಒಂದು ಅಧ್ಯಯನ ಬಂತು. ಮೈ ತಿರುಗಿಸಲೂ ಕಷ್ಟವಾಗುವ ಬೋನುಗಳು, ಕಾಲಡಿಗೆ ತಂತಿ ಜಾಲರಿ, ಉಚ್ಚೆ ನೆನೆದ ನೆಲ. ಇದು ರಾತ್ರಿ ಒಂಟಿಯಾಗಿ ಮರದಿಂದ ಮರಕ್ಕೆ ಓಡಾಡುವ ಪ್ರಾಣಿ. ಬೈನೆ ಹಣ್ಣು, ಅತ್ತಿ ಹಣ್ಣು, ಇಲಿ, ಹುಳ, ಎಲ್ಲ ತಿನ್ನುತ್ತದೆ. ಅದಕ್ಕೆ ಬರೀ ಕಾಫಿ ಹಣ್ಣು ಸುರಿದರೆ ಏನಾಗಬೇಕು? 1991ರಲ್ಲಿ ಈ ಕಾಫಿಯನ್ನು ಬ್ರಿಟನ್ನಿಗೆ ತಂದ ವ್ಯಾಪಾರಿ ಟೋನಿ ವೈಲ್ಡ್, ಆಮೇಲೆ ತಾನೇ ಇದನ್ನು ನಿಲ್ಲಿಸಿ ಅಂತ ಅಭಿಯಾನ ಶುರು ಮಾಡಿದರು.

ಅಂಗಡಿ ಮಾಲೀಕರ ಹತ್ತಿರವೂ ಮಾತಾಡಿದೆ. ಒಳ್ಳೆಯವರು, ಸಿಟ್ಟಾಗಲಿಲ್ಲ. "ನಾನು ತೆಗೆದ್ರೆ ಟೂರಿಸ್ಟ್‌ಗಳು ಪಕ್ಕದಂಗಡಿಗೆ ಹೋಗ್ತಾರೆ. ಎಲ್ರಿಗೂ ಕಾನೂನು ಮಾಡ್ಲಿ, ನಾಳೆನೇ ತೆಗೀತೀನಿ" ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ.

ಪುನುಗು ಬೆಕ್ಕನ್ನು ಹಿಡಿದು ಕೂಡಿಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಬೋನು ಎಸ್ಟೇಟಿನ ಒಳಗೆ, ಜಾಡಿ ರಸ್ತೆ ಬದಿಯಲ್ಲಿ. ಜಾಡಿಯನ್ನು ಯಾರೂ ಕೇಳುವುದಿಲ್ಲ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯಲ್ಲಂತೂ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಒಂದು ಪ್ಲೇಟ್ ದೋಸೆ ದುಡ್ಡು.

ನಮ್ಮ ಜಿಲ್ಲೆಯ ಐವರು ಶಾಸಕರಲ್ಲಿ ನನ್ನ ಬೇಡಿಕೆ ಇದು: ಸಿವೆಟ್ ಕಾಫಿ ಮಾರಾಟ ನಿಷೇಧಿಸುವ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಿ. ನಮ್ಮ ಕೈಲಾಗಲ್ಲ ಅನ್ನಬೇಡಿ. ಕಂಬಳಕ್ಕಾಗಿ 2017ರಲ್ಲಿ ಇದೇ 1960ರ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದಿದೆ. ಬಾತುಕೋಳಿ ಗಂಟಲಿಗೆ ಕೊಳವೆ ಇಳಿಸಿ, ಮೇವು ತುರುಕಿ, ಲಿವರ್ ಕೊಬ್ಬಿಸಿ ಮಾಡುವ ಫೊಯ್ ಗ್ರಾ ಆಮದನ್ನು ದೇಶ 2014ರಲ್ಲೇ ನಿಲ್ಲಿಸಿದೆ. ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ ಜಿಐ ಟ್ಯಾಗ್ (ಇಂಥ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಇರುವ ಜಿಲ್ಲೆ ನಮ್ಮದು. ನಮ್ಮ ಕಾಫಿ ಮಾರಲು ಈ ಜಾಡಿ ಬೇಕಾ?

ಅಂಗಡಿಗೆ ಹೋಗಿ, ಪೀಬೆರಿ ಕುಡಿಯಿರಿ. ಸಿವೆಟ್ ಕಾಫಿ ಯಾವ ತೋಟದ್ದು ಅಂತ ನೀವೂ ಕೇಳಿ.