ಪುಟ್ಟ ಹಕ್ಕಿಯ ಫೋಟೊ: ಬಿಗಿ ಕ್ರಾಪೋ, ಕೊಂಬೆಸಮೇತವೋ?

ಗಣೇಶಗುಡಿಯಂಥ ಕಾಡಿನ ನೆರಳಲ್ಲಿ, ಹಕ್ಕಿಗಳು ಮೀಯುವ ತೊಟ್ಟಿಯ ಹತ್ತಿರ ನೀಲಿ ನೊಣಹಿಡುಕದ ಫೋಟೊ ತೆಗೆದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಸಲೀಸಾಗಿ 6400 ಮುಟ್ಟುತ್ತದೆ, ಫೋಟೊ ತುಂಬ ಕಾಳುಕಾಳಾದ ನಾಯ್ಸ್ ಬರುತ್ತದೆ. ಅದನ್ನು ತೆಗೆಯಲು ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನ ಹಳೆಯ ಲೂಮಿನೆನ್ಸ್ ಸ್ಲೈಡರ್ ಒಳ್ಳೆಯದೋ, 2023ರಲ್ಲಿ ಬಂದ ಎಐ ಡಿನಾಯ್ಸ್ ಒಳ್ಳೆಯದೋ ಎಂದು ಎಲ್ಲರೂ ಕೇಳುತ್ತಾರೆ. ಒಂದೇ ರಾ ಫೈಲಿನ (ಕ್ಯಾಮೆರಾದ ಸಂಸ್ಕರಿಸದ ಫೈಲು) ಮೇಲೆ ಎರಡನ್ನೂ ಹಾಕಿ ನೋಡಿದ ಮೇಲೆ ನಮ್ಮ ಉತ್ತರ: ಮೊದಲು ಕ್ರಾಪ್ ಎಷ್ಟೆಂದು ತೀರ್ಮಾನಿಸಿ.

24 ಮೆಗಾಪಿಕ್ಸೆಲ್ ಫೈಲನ್ನು (6000×4000) ಹಕ್ಕಿಯಷ್ಟಕ್ಕೇ ಬಿಗಿಯಾಗಿ ಕತ್ತರಿಸಿದರೆ ಉಳಿಯುವುದು 1500×1000. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 5 ಇಂಚು ಅಗಲದ ಪ್ರಿಂಟ್, ಅಷ್ಟೇ. ಇಲ್ಲಿ ಲೂಮಿನೆನ್ಸ್ 40 ಇಟ್ಟರೆ ಕತ್ತಿನ ಕಿತ್ತಳೆ ಗರಿಗಳು ಕಲಸಿಹೋಗುತ್ತವೆ. ಎಐ ಡಿನಾಯ್ಸ್ ಖಂಡಿತ ಮೇಲು, ಆದರೆ ತಾನಾಗಿ ಬರುವ 50 ಹೆಚ್ಚಾಯಿತು: ಒಂದೊಂದು ಗರಿಗೆ ಸಿಕ್ಕಿರುವುದೇ ನಾಲ್ಕಾರು ಪಿಕ್ಸೆಲ್, ಮಿಕ್ಕಿದ್ದನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ, ಎದೆ ಬಾಚಣಿಗೆ ಆಡಿಸಿದಂತೆ ಕಾಣುತ್ತದೆ. 30–35ಕ್ಕೆ ನಿಲ್ಲಿಸಿ, 200% ಹಿಗ್ಗಿಸಿ ಕಣ್ಣಿನ ಸುತ್ತ ನೋಡಿ. ಸ್ವಲ್ಪ ಕಾಳು ಉಳಿದರೆ ಉಳಿಯಲಿ.

ಕೊಂಬೆ, ಎಲೆ ಸೇರಿಸಿ 3000×2000 ಇಟ್ಟುಕೊಂಡರೆ 10 ಇಂಚಿನ ಪ್ರಿಂಟ್ ಸಿಗುತ್ತದೆ. ಪರದೆಗಾಗಿ ಚಿಕ್ಕದು ಮಾಡುವಾಗಲೇ ನಾಯ್ಸ್ ಅರ್ಧ ಅಡಗುವುದರಿಂದ ಲೂಮಿನೆನ್ಸ್ 25 ಸಾಕು. ಇಲ್ಲಿ ತೊಂದರೆ ಬೇರೆ: ಹಿನ್ನೆಲೆಯ ಬಿಳಿ ಚುಕ್ಕೆಗಳು ಹಕ್ಕಿಗಿಂತ ಮೊದಲು ಕಣ್ಣಿಗೆ ಬೀಳುತ್ತವೆ. ‘ಸೆಲೆಕ್ಟ್ ಬ್ಯಾಕ್‌ಗ್ರೌಂಡ್’ ಮಾಡಿ ಎಕ್ಸ್‌ಪೋಶರ್ −0.4, ಹೈಲೈಟ್ಸ್ −40 ಕೊಡಿ. ಆದರೆ ಆ ಮಾಸ್ಕ್ (ಸಾಫ್ಟ್‌ವೇರ್ ಆಯ್ದ ಭಾಗ) ಕೊಕ್ಕಿನ ಬುಡದ ಮೀಸೆಯಂಥ ಕೂದಲನ್ನೂ ಕಡ್ಡಿ ಕಾಲುಗಳನ್ನೂ ಹಿನ್ನೆಲೆಗೆ ಸೇರಿಸಿಬಿಡುತ್ತದೆ, ಅವು ಕಪ್ಪಾಗುತ್ತವೆ. ‘ಸಬ್‌ಟ್ರ್ಯಾಕ್ಟ್’ ಒತ್ತಿ, ಸಣ್ಣ ಬ್ರಷ್‌ನಿಂದ ಅಷ್ಟನ್ನು ಬಿಡಿಸಿ. ಹಕ್ಕಿ ನೋಡುತ್ತಿರುವ ಕಡೆ ಜಾಗ ಹೆಚ್ಚಿರಲಿ.

ನಾಯ್ಸ್ ತೆಗೆದು ಚೂಪುಗೊಳಿಸುವ ಇನ್ನೊಂದು ಸಾಫ್ಟ್‌ವೇರ್ ಡಿಎಕ್ಸ್‌ಒ ಪ್ಯೂರ್‌ರಾ ಬಳಸುವವರು ಅದು ಕೊಡುವ ಡಿಎನ್‌ಜಿ ಫೈಲನ್ನು ಲೈಟ್‌ರೂಮಿಗೆ ತಂದಾಗ ಶಾರ್ಪನಿಂಗ್ (ಚೂಪುಗೊಳಿಕೆ) 40 ಇದ್ದರೆ 0ಗೆ ಇಳಿಸಬೇಕು. ಇಲ್ಲದಿದ್ದರೆ ಕೊಕ್ಕಿನ ಅಂಚಿಗೆ ಬಿಳಿ ಗೆರೆ ಬರುತ್ತದೆ.

ಜಾತಿ ಗುರುತಿಸಲಿಕ್ಕಷ್ಟೇ ಆದರೆ ಬಿಗಿ ಕ್ರಾಪ್ ಸರಿ. ಗೋಡೆಗೆ ಹಾಕುವುದಿದ್ದರೆ ಕೊಂಬೆ ಇರಲೇಬೇಕು; ಈ ಹಕ್ಕಿ ಎಂಥ ಪೊದೆಯಲ್ಲಿ ಕೂರುತ್ತದೆ ಎನ್ನುವುದು ಆ ಒಂದು ಫೋಟೊದಲ್ಲೇ ತಿಳಿಯುತ್ತದೆ.