ರಾಣಿ ಗೇಟು: ಪೆಟ್ಟಿಗೆಗೆ ಹೊಸದಾಗಿ ಕೂರಿಸಿದ ಜೇನಿಗೆ ಸರಿ, ಮಳೆಗಾಲದ ಬಾಗಿಲಲ್ಲಿ ಬೇಡ

ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ದೇಸಿ ಜೇನು) ಸಾಕುವ ಜೇನುಪೆಟ್ಟಿಗೆ ಕೊಂಡರೆ ಜೊತೆಗೆ ಒಂದು ಸೀಳುಪಟ್ಟಿ ಬರುತ್ತದೆ, ಕೆಲವು ಕಡೆ ಅದನ್ನು ಬೇರೆಯಾಗಿ ಮಾರುತ್ತಾರೆ. ರಾಣಿ ಗೇಟು ಅಂದರೂ ಆಯಿತು, ಕ್ವೀನ್ ಗೇಟ್ ಅಂದರೆ ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ಪೆಟ್ಟಿಗೆಯ ಬಾಗಿಲಿಗೆ ಇದನ್ನು ಸಿಕ್ಕಿಸಿದರೆ ಕೆಲಸಗಾರ ನೊಣ ಸೀಳಿನಲ್ಲಿ ನುಸುಳಿ ಓಡಾಡುತ್ತದೆ, ಎದೆಭಾಗ ದಪ್ಪಗಿರುವ ರಾಣಿ ಒಳಗೇ ಉಳಿಯುತ್ತದೆ. ರಾಣಿ ಹೊರಡದಿದ್ದರೆ ಜೇನು ಪರಾರಿಯಾಗುವುದಿಲ್ಲ. ಇಷ್ಟರ ಮಟ್ಟಿಗೆ ಇದು ಒಳ್ಳೆಯ ಸಾಮಾನು. ರಾಣಿಯ ಹಾಗೆಯೇ ಗಂಡುನೊಣವೂ ಈ ಸೀಳಿನಲ್ಲಿ ಹಿಡಿಸುವುದಿಲ್ಲ ಎಂಬುದನ್ನು ಮಾತ್ರ ಮಾರುವವರು ಹೇಳುವುದಿಲ್ಲ. ತಕರಾರು ಶುರುವಾಗುವುದು ಅಲ್ಲೇ.

ಮೊದಲು ಕೊಳ್ಳುವ ವಿಚಾರ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಗೇಟುಗಳು ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಅಳತೆಯವು, ಸೀಳು ಸುಮಾರು 4.2 ಮಿ.ಮೀ. ಮೈಯಲ್ಲಿ ಸಣ್ಣದಾದ ತುಡುವೆ ರಾಣಿಗೆ ಅದು ಸಾಕಾದಷ್ಟು ದಾರಿ. ಅಂಗಡಿಯಲ್ಲೇ ನೋಡಿಕೊಳ್ಳಬಹುದು: 4 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಹಿಂತುದಿ ಸೀಳಿನೊಳಗೆ ಸಲೀಸಾಗಿ ಹೋದರೆ ಅದು ತುಡುವೆಯ ಗೇಟಲ್ಲ. ಒಂದೇ ಸೀಳಿಗೆ ಇಟ್ಟು ನೋಡಿದರೆ ಸಾಲದು, ಎಲ್ಲದಕ್ಕೂ ಇಟ್ಟು ನೋಡಿ. ಪ್ಲಾಸ್ಟಿಕ್ಕಿನವು ಒಂದು ಬೇಸಿಗೆ ಬಿಸಿಲು ತಿಂದರೆ ನಡುವಿನಲ್ಲಿ ಉಬ್ಬಿ ಸೀಳು ಅಗಲವಾಗುತ್ತದೆ. ತಗಡಿನವು ಬಾಳಿಕೆ ಬರುತ್ತವೆ, ಆದರೆ ಕತ್ತರಿಸಿದ ಅಂಚಿನಲ್ಲಿ ಉಳಿದ ಚೂಪು ನೊಣದ ರೆಕ್ಕೆ ಹರಿಯುತ್ತದೆ. ಬೆರಳಾಡಿಸಿ ನೋಡಿ, ಚುಚ್ಚಿದರೆ ಎರಡೂ ಬದಿಗೆ ಅರ ಹಾಕಿ. ಎರಡರಲ್ಲಿ ಆರಿಸುವುದಾದರೆ ತಗಡಿನದೇ ಮೇಲು.

ಹಾಕುವ ಸಮಯ: ಹಿಡಿದು ತಂದ ಜೇನನ್ನು ಪೆಟ್ಟಿಗೆಗೆ ಕೂರಿಸಿದ ಸಂಜೆ. ಅಡಿಮಣೆ, ಅಂದರೆ ಪೆಟ್ಟಿಗೆಯ ತಳದ ಹಲಗೆ, ಸೊಟ್ಟಗಾಗಿ ಗೇಟಿನ ಪಕ್ಕದಲ್ಲಿ ಸಂದು ಉಳಿದಿದ್ದರೆ ಮೇಣವನ್ನೋ ಜೇಡಿಮಣ್ಣನ್ನೋ ಮೆತ್ತಬೇಕು. ಎರಿ (ಮೇಣದ ಕೋಶಗಳ ಹಾಳೆ) ಕಟ್ಟಿ, ಕೋಶದ ತಳದಲ್ಲಿ ಮೊಟ್ಟೆ ಕಂಡ ದಿನ ತೆಗೆಯಬೇಕು. ಹೆಚ್ಚೆಂದರೆ ಒಂದು ವಾರ. ಇದು ಗೂಡು ಒಡೆದು ಹಳೇ ರಾಣಿಯೊಂದಿಗೆ ಹೊರಟ ಗುಂಪಿಗೆ, ಅಂದರೆ ಮೊದಲ ಪಾಲಿಗೆ, ಸಲ್ಲುವ ಮಾತು. ಎರಡನೇ, ಮೂರನೇ ಪಾಲಿನಲ್ಲಿರುವುದು ಕನ್ಯೆ ರಾಣಿ, ಅದು ಕೂಡಲು ಹೊರಗೆ ಹಾರಲೇಬೇಕು. ಅಲ್ಲಿ ಗೇಟು ಹಾಕಿದರೆ ರಾಣಿ ಕೂಡದೆ ಉಳಿದು, ಕೆಲವು ವಾರಗಳ ನಂತರ ಬರೀ ಗಂಡುಮೊಟ್ಟೆ ಇಡತೊಡಗುತ್ತದೆ. ಆ ಕುಟುಂಬ ಮುಗಿದಂತೆಯೇ.

ಇನ್ನು ಮೇ ತಿಂಗಳು, ಗೇಟನ್ನು ತೆಗೆಯದೆ ಹಾಗೇ ಬಿಟ್ಟರೆ ಆಗುವ ಕಥೆ. ಚಳಿ ಕಟುವಾಗಿರುವ ಕಾಶ್ಮೀರ, ಹಿಮಾಚಲದಲ್ಲಿ ಗಂಡುನೊಣಗಳನ್ನು ಹೊರದಬ್ಬುವುದು ಚಳಿಗಾಲ ಹತ್ತಿರವಾದಾಗ. ಮಲೆನಾಡಿನ, ಕೊಡಗಿನ ಜೇನಿಗೆ ಆ ಚಳಿಗಾಲದ ಜಾಗದಲ್ಲಿರುವುದು ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವಿಲ್ಲ, ಹಾರಾಟವಿಲ್ಲ, ಕೂಡಿಟ್ಟದ್ದನ್ನೇ ತಿನ್ನಬೇಕು. ಕಾಫಿ ಹೂವು ಮುಗಿದು, ಕಾಡುಮರಗಳ ಹೂವೂ ಇಳಿಮುಖವಾದಾಗ ಕೆಲಸಗಾರ ನೊಣಗಳು ಮೊದಲು ಗಂಡುನೊಣಗಳಿಗೆ ಉಣಿಸುವುದನ್ನು ನಿಲ್ಲಿಸುತ್ತವೆ. ಜೇನಿರುವ ಎರಿಯಿಂದ ತಳ್ಳಿಸಿಕೊಂಡ ಗಂಡುಗಳು ಅಡಿಮಣೆಯ ಮೂಲೆಯಲ್ಲಿ ಗುಂಪುಗೂಡುತ್ತವೆ. ಒಂದೆರಡು ದಿನದ ಉಪವಾಸಕ್ಕೆ ಸೊರಗಿದ ಮೇಲೆ ಎರಡು ಮೂರು ಕೆಲಸಗಾರ ನೊಣಗಳು ರೆಕ್ಕೆಬುಡ, ಕಾಲು ಕಚ್ಚಿ ಬಾಗಿಲಿಗೆ ಎಳೆದು ತರುತ್ತವೆ.

ಗೇಟಿಲ್ಲದಿದ್ದರೆ ಗಂಡುನೊಣ ಹಾರುಹಲಗೆಯಿಂದ ಕೆಳಗೆ ಬೀಳುತ್ತದೆ, ಇರುವೆ ಹೊತ್ತೊಯ್ಯುತ್ತದೆ, ಕಥೆ ಮುಗಿಯಿತು. ಗೇಟಿದ್ದರೆ ಎಳೆಯುವ ನೊಣ ಸೀಳಿನಿಂದ ಆಚೆ ಹೋಗುತ್ತದೆ, ಕಚ್ಚಿಕೊಂಡದ್ದು ಈಚೆ ಅಡ್ಡವಾಗಿ ಸಿಕ್ಕಿಕೊಳ್ಳುತ್ತದೆ. ಒಂದರ ಹಿಂದೆ ಇನ್ನೊಂದು ಬಂದು ಕೆಳಗಿನ ಸೀಳುಗಳೆಲ್ಲ ಮುಚ್ಚುತ್ತವೆ. ಪರಾಗ ಹೊತ್ತು ಬಂದವು ಉಳಿದ ಒಂದೆರಡು ಸೀಳಿಗೆ ಮುಗಿಬಿದ್ದು, ನುಸುಳುವಾಗ ಕಾಲಿನ ಉಂಡೆ ಕಳಚಿ ಹಲಗೆಯ ಮೇಲೆ ಉದುರುತ್ತದೆ. ಬೆಳಗ್ಗೆ ಬಾಗಿಲ ಮುಂದೆ ಹಳದಿ ಉಂಡೆ ಚೆಲ್ಲಿದ್ದರೆ ಗೇಟು ಕಟ್ಟಿಕೊಂಡಿದೆಯೋ ಎಂದು ನೋಡಿ. ಗಾಳಿಯ ದಾರಿಯೂ ಅದೇ ಬಾಗಿಲು. ತುಡುವೆ ನೊಣ ತಲೆ ಹೊರಗೆ ಮಾಡಿ ನಿಂತು ಒಳಕ್ಕೆ ಗಾಳಿ ಬೀಸುತ್ತದೆ (ಮೆಲ್ಲಿಫೆರಾ ನಿಲ್ಲುವುದು ಇದಕ್ಕೆ ತಿರುವುಮುರುವು), ಹೆಣ ತುಂಬಿದ ಪಟ್ಟಿಯ ಹಿಂದೆ ಬೀಸಿ ಏನು ಪ್ರಯೋಜನ? ಅಡಿಮಣೆಯಲ್ಲಿ ಉಳಿದದ್ದು ಮೊದಲ ಮಳೆಯ ತೇವಕ್ಕೆ ಕೊಳೆತು ಬೂಸ್ಟು ಹಿಡಿಯುತ್ತದೆ. ಕೊಳೆ ಹೆಚ್ಚಿದ ಪೆಟ್ಟಿಗೆಯನ್ನು ತುಡುವೆ ಬಿಟ್ಟು ಹೋಗುತ್ತದೆ. ಪರಾರಿ ತಡೆಯಲೆಂದು ಹಾಕಿದ ಗೇಟೇ ಪರಾರಿಗೆ ಕಾರಣವಾದಂತೆ.

ಆದ್ದರಿಂದ ಹೂವು ಇಳಿಯುವ ಮುಂಚೆ ಗೇಟು ತೆಗೆಯಿರಿ. ಮೊಟ್ಟೆ, ಮರಿ ಇರುವ ಸಂಸಾರ ಕೋಣೆಯನ್ನು ಎತ್ತಿಟ್ಟು ಅಡಿಮಣೆ ಕೆರೆದು ಒರೆಸಿ. ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆ ಮುಂದಕ್ಕೆ ತುಸು ಬಾಗಿರಲಿ. ಗಂಡುಗಳ ಹೊರಹಾಕಾಟ ಮುಗಿದ ಮೇಲೆ ಬಾಗಿಲನ್ನು ಮರದ ತುಂಡಿನಿಂದ ಕಿರಿದು ಮಾಡಬಹುದು, ಮೊದಲೇ ಮಾಡಿದರೆ ಅದೇ ಇಕ್ಕಟ್ಟು. ಮಳೆ ಹಿಡಿದ ಮೇಲೆ ವಾರಕ್ಕೆ 200 ಗ್ರಾಂ ಸಕ್ಕರೆಯನ್ನು ಅಷ್ಟೇ ನೀರಿನಲ್ಲಿ ಕರಗಿಸಿ, ಸಂಜೆ, ಪೆಟ್ಟಿಗೆಯ ಒಳಗೇ ಇಡಬೇಕು. ಹೊರಗೆ ಚೆಲ್ಲಿದರೆ ಪಕ್ಕದ ಕುಟುಂಬ ಕಳ್ಳತನಕ್ಕೆ ಬರುತ್ತದೆ.

ಬಾಗಿಲ ಮುಂದೆ ಸತ್ತ ನೊಣ ಕಂಡ ಕೂಡಲೇ ಔಷಧಿ ಹೊಡೆದದ್ದು ತಾಗಿತು ಎಂದು ಹೌಹಾರುವವರಿದ್ದಾರೆ. ಒಂದನ್ನು ಎತ್ತಿ ನೋಡಿ. ಕಪ್ಪಗೆ ದಪ್ಪಗಿದ್ದು, ಕಣ್ಣುಗಳು ನೆತ್ತಿಯಲ್ಲಿ ಕೂಡುವಷ್ಟು ದೊಡ್ಡದಾಗಿ, ಹಿಂಬದಿ ಮೊಂಡಾಗಿ, ಕೊಂಡಿ ಇಲ್ಲದಿದ್ದರೆ ಅದು ಗಂಡು, ಚಿಂತೆ ಬೇಡ. ಸಣ್ಣ ಕೆಲಸಗಾರ ನೊಣಗಳೇ ನಾಲಿಗೆ ಚಾಚಿ ರಾಶಿಯಾಗಿ ಸತ್ತಿದ್ದರೆ ಕೀಟನಾಶಕದ ಅನುಮಾನ ಸರಿ. ಬಿಳಿ ಗಂಡುಮರಿಗಳನ್ನು ಎಳೆದು ಹಾಕುವುದೂ ಉಂಟು, ಅದೂ ಇದೇ ಲೆಕ್ಕಾಚಾರದ್ದು. ಮರಿ ಕೋಶದಲ್ಲೇ ತಲೆಯೆತ್ತಿ ಸತ್ತು, ಚಿಮಟದಲ್ಲಿ ಎಳೆದರೆ ನೀರು ತುಂಬಿದ ಚೀಲದಂತೆ ಬಂದರೆ ಮಾತ್ರ ಥಾಯ್ ಸ್ಯಾಕ್‌ಬ್ರೂಡ್ ರೋಗ, 1991ರ ಸುಮಾರಿಗೆ ಕರ್ನಾಟಕದ ತುಡುವೆಯನ್ನು ನೆಲಕಚ್ಚಿಸಿದ್ದು.

ಜುಲೈಯಲ್ಲೂ ಗಂಡುನೊಣಗಳು ಆರಾಮಾಗಿ ಎರಿಯ ಮೇಲೆ ಓಡಾಡುತ್ತಿದ್ದರೆ ಖುಷಿಪಡುವಂತಿಲ್ಲ. ರಾಣಿಯಿಲ್ಲದ ಇಲ್ಲವೇ ರಾಣಿ ಕೆಟ್ಟ ಕುಟುಂಬ ಗಂಡುಗಳನ್ನು ಹೊರಹಾಕುವುದಿಲ್ಲ. ಎರಿ ಬಿಸಿಲಿಗೆ ಹಿಡಿದು ನೋಡಿ: ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ ಗೋಡೆಗೆ ಅಂಟಿದ್ದರೆ ಕೆಲಸಗಾರ ನೊಣಗಳೇ ಇಟ್ಟದ್ದು.

ಆನ್‌ಲೈನಿನಲ್ಲಿ ಸಿಗುವ ಗಂಡುನೊಣದ ಬಲೆಪೆಟ್ಟಿಗೆಗೆ ದುಡ್ಡು ಹಾಕಬೇಡಿ. ಶಂಕುವಿನಲ್ಲಿ ಹತ್ತಿದ ಗಂಡುಗಳು ವಾಪಸ್ ಇಳಿಯಲಾರದೆ ಮೇಲಿನ ಡಬ್ಬಿಯಲ್ಲಿ ಸಾಯುತ್ತವೆ, ದಿನಾ ಖಾಲಿ ಮಾಡದಿದ್ದರೆ ನಾರುತ್ತದೆ. ಅಳತೆಯೂ ಮೆಲ್ಲಿಫೆರಾದ್ದೇ. ಕೆಲಸಗಾರ ನೊಣಗಳು ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಡಬ್ಬಿ ಯಾಕೆ? ರಾಣಿ ಗೇಟನ್ನು ಮಾತ್ರ, ಹತ್ತು ಪೆಟ್ಟಿಗೆಗೆ ಎರಡರ ಲೆಕ್ಕದಲ್ಲಿ, ತೊಳೆದು ಒಣಗಿಸಿ ಮುಂದಿನ ಪಾಲಿನ ಕಾಲಕ್ಕೆ ಮೊಳೆಗೆ ನೇತುಹಾಕಿಡಿ.